ತಾತನ ಸ್ಮರಣೆ ಮತ್ತು ಸಕಲೇಶ ಮಾದರಸರ ಮನೆತನ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಲಿಂಗವಂತ ಮನೆಗಳಲ್ಲಿ ಹಿರಿಯರೊಬ್ಬರು ಲಿಂಗೈಕ್ಯರಾದ ಮೇಲೆ ಶಿವಗಣಾರಾಧನೆಗೆಂದು ಅಚ್ಚಾಗುವ ಆಹ್ವಾನಪತ್ರಿಕೆಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮೇಲೆ ಬಸವಣ್ಣನವರ ಚಿತ್ರ, ನಡುವೆ ಲಿಂಗೈಕ್ಯರ ಭಾವಚಿತ್ರ, ಕೆಳಗೆ ದಿನ, ವೇಳೆ, ಸ್ಥಳ; ಆ ಬಳಿಕ ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳ ಹೆಸರುಗಳ ಉದ್ದನೆಯ ಸಾಲು. ಆ ಹಿರಿಯರು ಎಂಬತ್ತು ವರ್ಷಗಳ ಕಾಲ ಹೇಗೆ ಬಾಳಿದರು, ಯಾವ ಕಾಯಕದಿಂದ ಮನೆ ನಡೆಸಿದರು, ಯಾರ ಕಷ್ಟಕ್ಕೆ ನೆರಳಾದರು ಎಂಬುದನ್ನು ಹೇಳಲು ಒಂದು ಸಾಲಿನ ಜಾಗವೂ ಉಳಿದಿರುವುದಿಲ್ಲ. ಹೆಸರುಗಳನ್ನು ಬದಲಿಸಿದರೆ ಒಬ್ಬರ ಪತ್ರಿಕೆ ಇನ್ನೊಬ್ಬರಿಗೂ ಸಲ್ಲುತ್ತದೆ. ಪ್ರಸಾದದ ವ್ಯವಸ್ಥೆಗೆ ಕೊಡುವ ಗಮನದ ಹತ್ತನೆಯ ಒಂದು ಪಾಲನ್ನೂ ಲಿಂಗೈಕ್ಯರ ಬದುಕಿಗೆ ಕೊಡದಿರುವುದು ಸದ್ಭಕ್ತರು ಯೋಚಿಸಬೇಕಾದ ವಿಚಾರ.

ಸ್ಮರಿಸಲು ಏನೂ ಇಲ್ಲದ ಬದುಕುಗಳೇ ಅವು? ಈ ನಾಲ್ಕು ತಾಲ್ಲೂಕುಗಳ ಯಾವುದೇ ಹಳ್ಳಿಯಲ್ಲಿ ಹಳೆಯ ತಲೆಮಾರಿನ ತಂದೆ, ತಾತಂದಿರನ್ನು ಕಂಡವರಿಗೆ ಉತ್ತರ ಗೊತ್ತು. ಕೋಳಿ ಕೂಗುವ ಮುನ್ನವೇ ಎದ್ದು ಮಿಂದು, ಹಣೆಗೆ ವಿಭೂತಿ ಧರಿಸಿ, ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟು ಪೂಜಿಸಿ, ಆಮೇಲೆಯೇ ಕೊಟ್ಟಿಗೆಯ ಬಾಗಿಲು ತೆರೆಯುತ್ತಿದ್ದವರು ಅವರು. ಹಾಸನದ ಕಡೆ ಆಲೂಗೆಡ್ಡೆ, ಅರಕಲಗೂಡಿನ ಕಡೆ ಹೊಗೆಸೊಪ್ಪು, ಚನ್ನರಾಯಪಟ್ಟಣದ ಕಡೆ ತೆಂಗು, ಎಲ್ಲ ಕಡೆಯೂ ರಾಗಿ. ಬೆಳೆ ಯಾವುದಾದರೂ ಕಣದಲ್ಲಿ ರಾಶಿ ಬಿದ್ದ ದಿನ ಮೊದಲ ಮೊರ ಮನೆಗೆ ಹೋಗುತ್ತಿರಲಿಲ್ಲ. ಮಠದ ದಾಸೋಹಕ್ಕೆ, ಬಾಗಿಲಿಗೆ ಬರುವ ಅಯ್ಯನವರಿಗೆ, ಕಣದಲ್ಲಿ ದುಡಿದ ಆಳುಮಕ್ಕಳಿಗೆ ಅಳೆದು ಕೊಟ್ಟ ಮೇಲೆ ಉಳಿದದ್ದು ಹಗೇವಿಗೆ ಇಳಿಯುತ್ತಿತ್ತು. ಕೂಸಿಗೆ ಲಿಂಗಧಾರಣೆಯಾದ ದಿನ ಶಿವದಾರದ ಗಂಟು ಬಿಗಿಯಾಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದುದು ತಾತನ ಬೆರಳು. ಅನೇಕ ಮೊಮ್ಮಕ್ಕಳು ವಚನವನ್ನು ಪುಸ್ತಕದಲ್ಲಿ ಓದುವುದಕ್ಕೆ ಮುನ್ನ ಕೇಳಿದ್ದು ಜಗುಲಿಯ ಮೇಲೆ ಕುಳಿತ ತಾತನ ಬಾಯಲ್ಲಿ. ಇಂಥ ಬದುಕು ಭಾವಚಿತ್ರದ ಚೌಕಟ್ಟಿನೊಳಗೆ ಸೇರಿ, ಹಾರ ಹಾಕಿಸಿಕೊಂಡು ಮೌನವಾಗುವುದು ನಷ್ಟವೇ ಸರಿ.

ಮರಣವನ್ನು ಶರಣರು ನೋಡಿದ ಬಗೆಯನ್ನು ಇಲ್ಲಿ ನೆನೆಯಬೇಕು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗವಂತರಿಗೆ ಇಲ್ಲ. ದೇಹವನ್ನು ಸುಡದೆ, ಕುಳಿತ ಭಂಗಿಯಲ್ಲಿ, ವಿಭೂತಿ ಪತ್ರೆಗಳೊಡನೆ, ಇಷ್ಟಲಿಂಗಸಹಿತವಾಗಿ ಮಣ್ಣಿಗೆ ಒಪ್ಪಿಸುವ ಕ್ರಿಯಾಸಮಾಧಿಯ ಹಿಂದಿರುವ ಭಾವನೆ ಇದು: ಸತ್ತವರು ಎಲ್ಲಿಗೋ ಅಲೆಯಲು ಹೋಗಿಲ್ಲ, ಲಿಂಗದಲ್ಲಿ ಒಂದಾಗಿದ್ದಾರೆ. ಆದುದರಿಂದ ಅವರಿಗೆ ಪಿಂಡ ಬೇಕಿಲ್ಲ, ದಾರಿಯ ಬುತ್ತಿ ಬೇಕಿಲ್ಲ, ಕಾಗೆಯ ಅನುಮತಿ ಬೇಕಿಲ್ಲ. ಶಿವಗಣಾರಾಧನೆ ಎಂಬ ಹೆಸರೇ ಹೇಳುವಂತೆ ಅಲ್ಲಿ ಆರಾಧನೆ ಸಲ್ಲುವುದು ಶಿವಗಣಕ್ಕೆ, ಅಂದರೆ ಬದುಕಿ ಎದುರಿಗೆ ಕುಳಿತಿರುವ ಭಕ್ತರಿಗೆ. ಲಿಂಗೈಕ್ಯರಿಗೆ ಅದರಿಂದ ಆಗಬೇಕಾದದ್ದು ಏನೂ ಇಲ್ಲ. ಉಳಿದವರಿಗೆ ಆಗಬೇಕಾದದ್ದು ಬಹಳವಿದೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ವಂಶದ ಹೆಮ್ಮೆಯನ್ನು ಶರಣರಷ್ಟು ಕಟುವಾಗಿ ಒಡೆದವರು ವಿರಳ. ಬಾಗೇವಾಡಿಯ ಅಗ್ರಹಾರದಲ್ಲಿ ಜನಿಸಿದ ಬಸವಣ್ಣನವರು ಆ ಮನೆಯನ್ನು ಬಿಟ್ಟು ಬಂದರು. ಮುಂದೆ ತಮ್ಮ ಬಂಧುಬಳಗವನ್ನು ಹೇಳಿಕೊಳ್ಳುವಾಗ ತಂದೆಯ ಸ್ಥಾನದಲ್ಲಿ ಮಾದಾರ ಚೆನ್ನಯ್ಯನವರನ್ನು ನಿಲ್ಲಿಸಿದರು. ಹೀಗಿರುವಾಗ ಲಿಂಗವಂತರು ತಂದೆ, ತಾತಂದಿರನ್ನು ಸ್ಮರಿಸುವುದಕ್ಕೆ ಆಧಾರವೇನು? ರಕ್ತದ ಹೆಮ್ಮೆಯೇ ಆಧಾರವಾದರೆ ಅದು ಬಸವಣ್ಣನವರು ಬಿಟ್ಟುಬಂದ ಮನೆಗೆ ಹಿಂದಿರುಗಿದಂತೆ. ಬಿಟ್ಟವರ ಹೆಸರಿನಲ್ಲೇ ಆ ಬಾಗಿಲು ತಟ್ಟುವುದು ವಿಚಿತ್ರ.

ಉತ್ತರವನ್ನು ಬಹು ದೂರ ಹುಡುಕಬೇಕಾಗಿಲ್ಲ; ಇದೇ ಜಿಲ್ಲೆಯ ಬೇಲೂರಿನವರೆಗೆ ಹೋದರೆ ಸಾಕು. ಸಕಲೇಶ ಮಾದರಸರು ಬಸವಣ್ಣನವರ ಕಾಲದ ವಚನಕಾರರು. ಕಲ್ಲುಕುರಿಕೆಯ ಅರಸರಾಗಿದ್ದ ಅವರು ಸಿಂಹಾಸನವನ್ನು ತೊರೆದು ಶರಣರ ಸಂಗಕ್ಕೆ ಬಂದರು. ಸಕಲೇಶ್ವರನ ಅಂಕಿತದಲ್ಲಿ ಅವರು ರಚಿಸಿದ ವಚನಗಳಲ್ಲಿ ನೂರಕ್ಕೂ ಹೆಚ್ಚು ಇಂದು ದೊರೆಯುತ್ತವೆ. ಅರಸೊತ್ತಿಗೆಯ ಸುಖವನ್ನು ಉಂಡು ಬಲ್ಲವರ ವೈರಾಗ್ಯಕ್ಕೆ ಬೇರೆಯದೇ ತೂಕವಿರುತ್ತದೆ ಎಂಬುದು ಅವನ್ನು ಓದಿದವರ ಅನುಭವ. ಪರಂಪರೆಯ ಪ್ರಕಾರ ಇವರ ಮೊಮ್ಮಗ ಕೆರೆಯ ಪದ್ಮರಸರು. ತಾತ ಬಿಟ್ಟುಹೋದ ರಾಜ್ಯ ಮೊಮ್ಮಗನಿಗೆ ಸಿಗಲಿಲ್ಲ. ಅವರು ಹೊಯ್ಸಳ ನರಸಿಂಹ ಬಲ್ಲಾಳನ ಬಳಿ ಮಂತ್ರಿಯಾಗಿ ದುಡಿದರು. ಗುರುಶಿಷ್ಯರ ಸಂವಾದದ ರೂಪದಲ್ಲಿ ‘ದೀಕ್ಷಾಬೋಧೆ’ ಎಂಬ ಕೃತಿಯನ್ನು ರಚಿಸಿದರು. ತ್ರಿಭುವನತಾತ ಎಂಬ ವೈಷ್ಣವ ಪಂಡಿತನನ್ನು ವಾದದಲ್ಲಿ ಗೆದ್ದರೆಂದು ಅವರ ಕಥೆಯಲ್ಲಿ ವಿಸ್ತಾರವಾಗಿ ಬರುತ್ತದೆ. ಬೇಲೂರಿನಲ್ಲಿ ಒಂದು ಕೆರೆಯನ್ನೂ ಕಟ್ಟಿಸಿದರು.

ಜನರು ಅವರಿಗೆ ಕೊಟ್ಟ ಹೆಸರನ್ನು ಗಮನಿಸಬೇಕು. ಮಂತ್ರಿ ಪದ್ಮರಸ ಎನ್ನಬಹುದಿತ್ತು, ವಾದವಿಜಯಿ ಎನ್ನಬಹುದಿತ್ತು, ಅರಸು ಮನೆತನದವರಾದ ಕಾರಣ ವಂಶದ ಹೆಸರನ್ನೇ ಮುಂದಿಡಬಹುದಿತ್ತು. ಎಲ್ಲವನ್ನೂ ಬಿಟ್ಟು ಕನ್ನಡ ನಾಡು ಅವರನ್ನು ‘ಕೆರೆಯ’ ಪದ್ಮರಸ ಎಂದು ಕರೆಯಿತು. ಅಧಿಕಾರ ಹೊಯ್ಸಳರ ಜೊತೆಗೆ ಹೋಯಿತು. ವಾದದಲ್ಲಿ ಗೆದ್ದ ಮಾತುಗಳನ್ನು ಪಂಡಿತರಲ್ಲದೆ ಬೇರೆಯವರು ಕೇಳುವುದಿಲ್ಲ. ಕೆರೆಯ ನೀರನ್ನು ದನ, ಮನುಷ್ಯ, ಶೈವ, ವೈಷ್ಣವ ಎಂಬ ಭೇದವಿಲ್ಲದೆ ಎಲ್ಲರೂ ಕುಡಿದರು. ವಾದದಲ್ಲಿ ಸೋತವನ ಕಡೆಯವರೂ ಆ ನೀರನ್ನು ಕುಡಿದಿರಲು ಸಾಕು.

ಆ ಮನೆತನದ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಪದ್ಮರಸರ ಮಗ ಕುಮಾರ ಪದ್ಮರಸರು ‘ಸಾನಂದ ಚರಿತ್ರೆ’ಯನ್ನು ಬರೆದರು. ನರಕಕ್ಕೆ ಹೋದ ಸಾನಂದ ಗಣೇಶ್ವರನು ಅಲ್ಲಿ ನರಳುತ್ತಿದ್ದವರಿಗೆ ಪಂಚಾಕ್ಷರಿಯನ್ನು ಕೇಳಿಸಿ ಎಲ್ಲರನ್ನೂ ಬಿಡಿಸಿ ತಂದ ಕಥೆ ಅದು. ಪಿತೃಕಾರ್ಯದ ವಿಚಾರ ಬಂದಾಗ ಈ ಕಥೆಯನ್ನು ನೆನೆಯುವವರು ಕಡಿಮೆ. ಶ್ರಾದ್ಧ ಮಾಡುವವನು ತನ್ನ ತಂದೆ, ತಾತ, ಮುತ್ತಾತಂದಿರಿಗಷ್ಟೇ ಸದ್ಗತಿಯನ್ನು ಬೇಡುತ್ತಾನೆ. ಸಾನಂದನು ಯಾರ ಗೋತ್ರವನ್ನೂ ಕೇಳಲಿಲ್ಲ. ಇಂಥ ಕಥೆಯನ್ನು ಒಬ್ಬ ಮಗ ಆರಿಸಿಕೊಂಡು ಬರೆದದ್ದು ತಂದೆಗೆ ಸಲ್ಲಿಸಿದ ಗೌರವವೂ ಹೌದು. ಮುಂದೆ ಅದೇ ವಂಶದಲ್ಲಿ ಹುಟ್ಟಿದ ಪದ್ಮಣಾಂಕ ಕವಿ ತನ್ನ ಪೂರ್ವಜನ ಬದುಕನ್ನು ‘ಪದ್ಮರಾಜ ಪುರಾಣ’ವಾಗಿ ಹಾಡಿದನು. ಅರಸೊತ್ತಿಗೆ ಮೊಮ್ಮಗನವರೆಗೆ ದಾಟಲಿಲ್ಲ. ಭಕ್ತಿ, ಬರಹ, ಕೆರೆ ಇವು ದಾಟಿದವು. ರಕ್ತದ ನಂಟು ಇಲ್ಲಿಯೂ ಇದೆ. ಆದರೆ ಅದು ಹೆಮ್ಮೆಗೆ ಕಾರಣವಾಗದೆ ಹೊಣೆಗೆ ಕಾರಣವಾಯಿತು. ತಾತನನ್ನು ಶರಣಮಾರ್ಗದಲ್ಲಿ ಸ್ಮರಿಸುವುದೆಂದರೆ ಹೀಗೆ, ಅವರ ಕೆಲಸವನ್ನು ಇನ್ನೊಂದು ರೂಪದಲ್ಲಿ ಮುಂದುವರಿಸುವುದು.

ಇನ್ನು ಸಮಾಧಿಯ ವಿಚಾರ. ಲಿಂಗವಂತ ಮನೆತನಗಳು ತಲೆತಲಾಂತರದಿಂದ ತಮ್ಮ ಹೊಲದ ಒಂದು ಮೂಲೆಯಲ್ಲಿ ಹಿರಿಯರನ್ನು ಸಮಾಧಿ ಮಾಡುತ್ತ ಬಂದಿವೆ. ಗೊರೂರಿನಲ್ಲಿ 1979ರಲ್ಲಿ ಹೇಮಾವತಿ ಅಣೆಕಟ್ಟೆ ಮುಗಿದಾಗ ಹಿನ್ನೀರಿನಲ್ಲಿ ಮುಳುಗಿದ ಹೊಲಗಳೊಂದಿಗೆ ಆ ಮೂಲೆಗಳೂ ಮುಳುಗಿದವು. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇಗರ್ಜಿಯ ಗೋಡೆಗಳು ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಏಳುವುದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ನೀರು ಇಳಿದಾಗ ತಲೆ ಎತ್ತುವ ಗೋಪುರ ಹೊಲದ ಸಮಾಧಿಗಳಿಗೆ ಇರಲಿಲ್ಲ. ಪುನರ್ವಸತಿಯ ಊರುಗಳಿಗೆ ಹೋದ ಕುಟುಂಬಗಳ ಹಿರಿಯರು ವರ್ಷಕ್ಕೊಮ್ಮೆ ಹಿನ್ನೀರಿನ ಅಂಚಿಗೆ ಬಂದು ಇಂಥ ಕಡೆ ಎಂದು ಕೈ ತೋರಿಸಬಹುದಿತ್ತು; ಆ ಕೈಗಳೂ ಈಗ ಒಂದೊಂದಾಗಿ ಮಣ್ಣು ಸೇರುತ್ತಿವೆ. ಅದೇ ನೀರು ನಾಲೆಗಳಲ್ಲಿ ಹರಿದು ಕೆಳಗಿನ ಸೀಮೆಯ ಗದ್ದೆಗಳನ್ನು ತೋಯಿಸಿತೆಂಬುದೂ ನಿಜ. ಒಬ್ಬರ ತಾತನ ಸಮಾಧಿ ಇನ್ನೊಬ್ಬರ ಮೊಮ್ಮಕ್ಕಳ ಅನ್ನವಾಯಿತು. ಹೊಸ ನೀರಾವರಿಯಲ್ಲಿ ಭತ್ತ ಬೆಳೆದವರು ಇದನ್ನು ಎಷ್ಟು ಸಲ ನೆನೆದಿದ್ದಾರೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಮುಳುಗದೆ ಉಳಿದ ಸಮಾಧಿಗಳಿಗೆ ಬಂದಿರುವ ಆಪತ್ತು ಬೇರೆಯದು. ಹಾಸನ ಪಟ್ಟಣದ ಸುತ್ತಲಿನ ಹೊಲಗಳು ನಿವೇಶನಗಳಾಗುತ್ತಿವೆ. ಅಣ್ಣತಮ್ಮಂದಿರ ಪಾಲಿನಲ್ಲಿ ಸಮಾಧಿಯ ಮೂಲೆ ಯಾರಿಗೆ ಬಿತ್ತೋ ಅವರು ಮಾರುವಾಗ ಕೊಳ್ಳುವವರು ಅನುಮಾನಿಸುತ್ತಾರೆ, ಬೆಲೆ ಇಳಿಯುತ್ತದೆ, ಮನಸ್ತಾಪ ಏಳುತ್ತದೆ. ಕೆಲವರು ಇದಕ್ಕೆ ಪರಿಹಾರವೆಂದು ಗ್ರಾನೈಟಿನ ಗದ್ದುಗೆ ಕಟ್ಟಿಸಿ, ಮೇಲೆ ಮಂಟಪ ನಿಲ್ಲಿಸಿ, ಸುತ್ತ ಬೇಲಿ ಹಾಕಿಸುತ್ತಾರೆ. ಶಕ್ತಿ ಇದ್ದವರು ಮಾಡಿಕೊಳ್ಳಲಿ ಎನ್ನಬಹುದು. ಆದರೆ ನಿಂತ ಕಲ್ಲಿಗಿಂತ ನಡೆಯುವ ಜೀವ ದೊಡ್ಡದೆಂದು ಸಾರಿದ ಧರ್ಮದವರು ಬೆಳೆಸಾಲ ಮಾಡಿ ಮಂಟಪ ಕಟ್ಟಿಸುವುದಕ್ಕೆ ವಚನಗಳಲ್ಲಿ ಆಧಾರ ಸಿಗುವುದಿಲ್ಲ. ತಾತನ ಹೆಸರಿನಲ್ಲಿ ಒಂದು ಮಗುವಿನ ಓದಿನ ಖರ್ಚನ್ನು ವಹಿಸಿಕೊಂಡರೆ, ಹೂಳು ತುಂಬಿದ ಊರಿನ ಕಟ್ಟೆಯನ್ನು ತೆಗೆಸಿದರೆ ಅದು ಪದ್ಮರಸರ ದಾರಿ. ಸಮಾಧಿಯ ಜಾಗ ಒಂದು ಬಿಲ್ವದ ಗಿಡದ ನೆರಳಿನಲ್ಲಿ ಶುಚಿಯಾಗಿದ್ದರೆ ಸಾಕು.

ಇದಕ್ಕಿಂತಲೂ ಗಂಭೀರವಾದ, ಸಾಮಾನ್ಯವಾಗಿ ಯಾರೂ ಬಾಯಿ ಬಿಟ್ಟು ಹೇಳದ ಒಂದು ಸಂಗತಿಯಿದೆ. ಶಿವಗಣಾರಾಧನೆಗೆ ತವರಿಗೆ ಬರುವ ಹೆಣ್ಣುಮಕ್ಕಳ ಮುಂದೆ, ಕೆಲವು ಮನೆಗಳಲ್ಲಿ, ಪ್ರಸಾದದ ಎಲೆ ಎತ್ತುವಷ್ಟರಲ್ಲಿಯೇ ಹಕ್ಕುಬಿಡುಗಡೆ ಪತ್ರವೂ ಬರುತ್ತದೆ. ಎಲ್ಲರೂ ಸೇರಿರುವಾಗಲೇ ರುಜು ಆಗಿಬಿಡಲಿ, ಮತ್ತೆ ಯಾರು ಬರುತ್ತಾರೆ ಎಂಬ ಮಾತು ಅದಕ್ಕೆ ಜೊತೆಗೂಡುತ್ತದೆ. ತಂದೆಯನ್ನು ಕಳೆದುಕೊಂಡು ಕಣ್ಣೀರು ಆರದ ಮಗಳು ಆ ಹೊತ್ತಿನಲ್ಲಿ ಇಲ್ಲ ಎನ್ನುವುದು ಹೇಗೆ? ಎಂದರೆ ತವರಿನ ಬಾಗಿಲು ಮುಚ್ಚುತ್ತದೆಂಬ ಭಯ. ಅನ್ನದಿದ್ದರೆ ಗಂಡನ ಮನೆಯಲ್ಲಿ ಕೇಳುವ ಮಾತುಗಳ ಭಯ. ತಂದೆಯ ಭಾವಚಿತ್ರದ ಎದುರೇ ಇದು ನಡೆಯುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದು ಈಗ ಗುಟ್ಟಲ್ಲ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಲಿಂಗಾಯತರಿಗೂ ಅನ್ವಯಿಸುತ್ತದೆ. ಕರ್ನಾಟಕವು 1994ರಲ್ಲಿಯೇ ತಿದ್ದುಪಡಿ ತಂದು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಆದರೆ ಅದಕ್ಕೂ ಮುನ್ನ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ತಂದೆ 2005ಕ್ಕೆ ಮುನ್ನವೇ ತೀರಿಕೊಂಡಿದ್ದರೂ ಮಗಳ ಹಕ್ಕಿಗೆ ಅದು ಅಡ್ಡಿಯಲ್ಲವೆಂದು 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಇಷ್ಟಾದರೂ ಕಾನೂನಿನ ಮಾತು ಇಲ್ಲಿ ಎರಡನೆಯದು. ಗಂಡುಹೆಣ್ಣೆಂಬ ಭೇದವಿಲ್ಲದೆ ಒಂದೇ ಇಷ್ಟಲಿಂಗವನ್ನು ಇಬ್ಬರ ಕೈಗೂ ಕೊಟ್ಟ ಧರ್ಮಕ್ಕೆ, ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರನ್ನು ಪಡೆದ ಧರ್ಮಕ್ಕೆ, ಮಗಳೂ ಮಗುವೇ ಎಂದು ತಿಳಿಯಲು ಸರ್ವೋಚ್ಚ ನ್ಯಾಯಾಲಯದ ತೀರ್ಪಿನವರೆಗೆ ಕಾಯುವ ಅಗತ್ಯವಿರಲಿಲ್ಲ.

ಆಯ್ದಕ್ಕಿ ಮಾರಯ್ಯನವರ ಕಥೆ ಎಲ್ಲ ಭಕ್ತರಿಗೂ ಗೊತ್ತಿದೆ. ನಿತ್ಯ ಆಯುವ ಅಕ್ಕಿಗಿಂತ ಒಂದು ದಿನ ಹೆಚ್ಚು ತಂದಾಗ ಲಕ್ಕಮ್ಮನವರು ಅದನ್ನು ಒಲೆಯ ಮೇಲೆ ಏರಿಸಲಿಲ್ಲ. ತಮ್ಮ ಪಾಲಲ್ಲದ್ದನ್ನು ತಂದ ಜಾಗದಲ್ಲೇ ಸುರಿದು ಬರಲು ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಆ ಅಕ್ಕಿಯ ಬೆಲೆ ಎಷ್ಟಿದ್ದೀತು? ಅಷ್ಟಕ್ಕೇ ಅಷ್ಟು ಕಟ್ಟುನಿಟ್ಟು. ಈ ಕಥೆಯನ್ನು ಆರಾಧನೆಯ ದಿನ ಪ್ರವಚನದಲ್ಲಿ ಕೇಳಿ ತಲೆದೂಗಿ, ಅದೇ ಮಧ್ಯಾಹ್ನ ಒಡಹುಟ್ಟಿದವಳ ಪಾಲನ್ನು ರುಜು ಹಾಕಿಸಿಕೊಳ್ಳುವುದು ಹೇಗೆ ಸಾಧ್ಯವಾಗುತ್ತದೆಯೋ ತಿಳಿಯದು.

ಇನ್ನೊಂದು ಪಕ್ಷವನ್ನೂ ಹೇಳಬೇಕು. ಹಳ್ಳಿಯಲ್ಲಿ ಉಳಿದ ಮಗ ಹತ್ತಿಪ್ಪತ್ತು ವರ್ಷ ತಂದೆಯ ಔಷಧ, ಆರೈಕೆ, ಬೇಸಾಯದ ಸಾಲ ಎಲ್ಲವನ್ನೂ ಹೊತ್ತಿರುತ್ತಾನೆ. ಇರುವುದು ಎರಡು ಎಕರೆ. ಅದೂ ಐದು ಪಾಲಾದರೆ ಯಾರಿಗೂ ಬೆಳೆಯಿಲ್ಲ. ಮದುವೆಯ ಖರ್ಚಿಗೆಂದು ಜಮೀನಿನ ಒಂದು ತುಂಡು ಮಾರಿದ್ದೂ ಇರುತ್ತದೆ. ಇದನ್ನೆಲ್ಲ ಅರಿತು ಮನಃಪೂರ್ವಕವಾಗಿ ಬಿಟ್ಟುಕೊಡುವ ಹೆಣ್ಣುಮಕ್ಕಳು ಈ ಸೀಮೆಯಲ್ಲಿ ಬಹಳ ಮಂದಿ ಇದ್ದಾರೆ, ಅವರದು ತ್ಯಾಗವೇ. ಆದರೆ ತ್ಯಾಗ ತ್ಯಾಗವಾಗಬೇಕಾದರೆ ಮೊದಲು ಅದು ತಮ್ಮದೆಂದು ಎಲ್ಲರೂ ಒಪ್ಪಿರಬೇಕು. ಮಾದರಸರು ತೊರೆದದ್ದು ತಮ್ಮದೇ ಸಿಂಹಾಸನವನ್ನು. ಕಸಿದುಕೊಂಡಿದ್ದರೆ ಅವರನ್ನು ವಿರಾಗಿ ಎಂದು ಯಾರೂ ಕರೆಯುತ್ತಿರಲಿಲ್ಲ. ಆದುದರಿಂದ ಸಾಲ, ಖರ್ಚು, ಪಾಲು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಆರಾಧನೆ ಕಳೆದು ಒಂದೆರಡು ತಿಂಗಳಾದ ಮೇಲೆ, ಊರಿನ ಹಿರಿಯರೊಬ್ಬರ ಎದುರು ಅಣ್ಣ ತಮ್ಮ ಅಕ್ಕ ತಂಗಿಯರು ಸಮನಾಗಿ ಕುಳಿತು ಮಾತನಾಡಲಿ. ಆರಾಧನೆಯ ದಿನ ಯಾವ ಕಾಗದಕ್ಕೂ ರುಜು ಬೇಡ ಎಂಬ ಕಟ್ಟಳೆಯನ್ನು ಆರಾಧನೆಗೆ ಬರುವ ಸ್ವಾಮಿಗಳೇ ಹಾಕಿದರೆ ಅನೇಕ ಮನೆಗಳ ಶಾಂತಿ ಉಳಿಯುತ್ತದೆ.

ಕೊನೆಯದಾಗಿ, ಬರೆದಿಡುವ ಮಾತು. ಹಳೆಯ ಮನೆಗಳ ಅಟ್ಟದಲ್ಲಿ ತಾಡೋಲೆ ಕಟ್ಟುಗಳು ವಸ್ತ್ರದಲ್ಲಿ ಸುತ್ತಿ ವಿಭೂತಿ ಹಚ್ಚಿಸಿಕೊಂಡು ಪೂಜೆ ಪಡೆಯುತ್ತಿದ್ದವು. ಓದುವವರು ಮಾತ್ರ ಇರಲಿಲ್ಲ. ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಅವನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದು, ಆಮೇಲೆ ಸ್ವಂತ ಮುದ್ರಣಾಲಯವನ್ನೂ ‘ಶಿವಾನುಭವ’ ಪತ್ರಿಕೆಯನ್ನೂ ನಡೆಸಿ, 1964ರಲ್ಲಿ ಲಿಂಗೈಕ್ಯರಾಗುವವರೆಗೂ ಅದೇ ಕಾಯಕದಲ್ಲಿ ಸವೆದರು. ನಾಡು ಅವರನ್ನು ವಚನ ಪಿತಾಮಹ ಎಂದು ಕರೆಯುತ್ತದೆ. ತಾತ ಎಂಬ ಪದವಿ ಅವರಿಗೆ ಬಂದದ್ದು ಉಳಿಸಿಕೊಟ್ಟದ್ದರಿಂದ. ಅಟ್ಟದ ಮೇಲಿನ ಕಟ್ಟನ್ನು ಬಿಚ್ಚದೆ ಪೂಜಿಸಿದ ಮನೆತನಗಳಿಗೂ ಗೋಡೆಯ ಮೇಲಿನ ತಾತನಿಗೆ ದಿನವೂ ಹೂ ಏರಿಸಿ ಅವರ ಬದುಕನ್ನು ಅರಿಯದ ಮನೆಗಳಿಗೂ ಹೆಚ್ಚಿನ ಅಂತರವಿಲ್ಲ.

ಪದ್ಮಣಾಂಕನಂತೆ ಪುರಾಣ ಬರೆಯುವ ಶಕ್ತಿ ಎಲ್ಲರಿಗೂ ಇರದು, ಬೇಕಾಗಿಯೂ ಇಲ್ಲ. ಪ್ರಸಾದಕ್ಕೆ ಮುನ್ನ ಅರ್ಧ ಗಂಟೆಯನ್ನು ಮೀಸಲಿಟ್ಟು, ತಾತನೊಡನೆ ಉತ್ತವರು, ಅವರ ಕಣದಲ್ಲಿ ಕೂಲಿ ಮಾಡಿದವರು, ಅವರಿಂದ ಸಾಲ ಪಡೆದವರು, ಅವರಿಗೆ ಸಾಲ ಕೊಟ್ಟವರು ಒಬ್ಬೊಬ್ಬರಾಗಿ ನಾಲ್ಕು ಮಾತು ಆಡುವಂತಾಗಲಿ. ಬೆಂಗಳೂರಿನಿಂದಲೋ ಅಮೆರಿಕದಿಂದಲೋ ಬಂದ ಮೊಮ್ಮಗಳು ಅದನ್ನು ಬರೆದುಕೊಳ್ಳಲಿ. ಅದರಲ್ಲಿ ತಾತನ ಹೊಲದ ಹೆಸರು, ಅವರು ನೆಟ್ಟ ತೆಂಗಿನ ಲೆಕ್ಕ, ಅವರ ಬಾಯಲ್ಲಿ ನಿಂತಿದ್ದ ವಚನಗಳು, ಅವರ ಕೋಪ, ತೀರಿಸದೆ ಉಳಿದ ಬಾಕಿ ಎಲ್ಲವೂ ಇರಲಿ. ಆ ಹಾಳೆಗಳನ್ನು ಅವರ ಕರಡಿಗೆ ಇರುತ್ತಿದ್ದ ಗೂಡಿನಲ್ಲಿಯೇ ಇಡಬಹುದು.